ಲೆಕ್ಕಕ್ಕೆ ಬಾರದ ಗುರೆಳ್ಳು

ನಮ್ಮ ಅಡುಗೆಮನೆಯ ಗೂಡಿನಲ್ಲಿ ಗುರೆಳ್ಳು ಚಟ್ನಿಪುಡಿಯ ಡಬ್ಬಿಯೊಂದು ಸದಾ ಇರುತ್ತದೆ. ಮಸ್ಕಿಯಲ್ಲಿರುವ ಅತ್ತಿಗೆ, ಅಂದರೆ ತೀರಿಕೊಂಡ ನನ್ನ ಅಣ್ಣನ ಹೆಂಡತಿ, ಹುಚ್ಚೆಳ್ಳು ಹುರಿದು ತರಿತರಿಯಾಗಿ ಕುಟ್ಟಿ ಕಳಿಸುವ ಆ ಕರಿಪುಡಿಯನ್ನು ಲಿಂಗಸುಗೂರಿನ ನಮ್ಮ ಮನೆಯಲ್ಲಿ ಯಾರೂ ಊಟವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಬರಿಯ ಹಚ್ಚಿಕೊಳ್ಳುವ ಪದಾರ್ಥ.

ಹೋದ ವರ್ಷ ಬಹಿರ್ದೆಸೆಯಲ್ಲಿ ರಕ್ತ ಕಂಡಿತು. ಇಂಥದ್ದನ್ನೇ ನಾಚಿ ಮುಚ್ಚಿಟ್ಟುಕೊಂಡ ಅಣ್ಣನನ್ನು ಕರುಳಿನ ಕ್ಯಾನ್ಸರ್ ಒಯ್ದಿತ್ತು. ಆದ್ದರಿಂದ ನಾನು ನಾಚದೆ, ಆದರೆ ಚೆನ್ನಾಗಿಯೇ ಹೆದರಿ, ಸಿಂಧನೂರಿನ ಡಾಕ್ಟರರ ಬಳಿಗೆ ಓಡಿದೆ. ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡೋಣ, ಅದೇ ದಿನ ಮನೆಗೆ ಹೋಗಬಹುದು, ಆದರೆ ಕೆಲವು ದಿನ ಮೊದಲೇ ಕಾಳು, ಬೀಜ, ಸೊಪ್ಪು ಬಿಟ್ಟು ಮೆತ್ತನೆಯ ಬಿಳಿ ಅನ್ನ ಉಣ್ಣಿ, ಹಿಂದಿನ ದಿನ ತಿಳಿಯಾದ ಪಾನೀಯಗಳನ್ನಷ್ಟೇ ಕುಡಿಯಿರಿ ಎಂದರು. ಶಿಸ್ತಾಗಿ ಉಂಡೆ, ಔಷಧದ ಪುಡಿ ಕಲಸಿದ ಉಪ್ಪುಪ್ಪು ನೀರು ಕುಡಿದು ಪಾಯಿಖಾನೆಗೇ ವಾಸ ಬದಲಿಸಿದೆ.

ಪರೀಕ್ಷೆಯ ನಂತರ ಡಾಕ್ಟರರ ಹುಬ್ಬು ಗಂಟಿಕ್ಕಿತ್ತು. "ಒಳಗೆಲ್ಲಾ ಕರೀ ಚೂರು ಅಂಟ್ಯಾವ್ರೀ, ಸರಿಯಾಗಿ ಏನೂ ಕಾಣವಲ್ದು. ಏನ್ ತಿಂದಿದ್ರಿ?"

"ಬರೇ ಅನ್ನ, ಮಜ್ಜಿಗಿ ರೀ."

"ಹಚ್ಚಿಕೊಳ್ಳಾಕ?"

"ಅದಾ... ಗುರೆಳ್ಳು ಚಟ್ನಿ ರೀ."

ಎಲ್ಲವೂ ಮೊದಲಿನಿಂದ! ಹೆಂಡತಿ ಡಬ್ಬಿಯನ್ನು ಸೀರೆಗಳ ಅಲ್ಮಾರಿಯಲ್ಲಿಟ್ಟು ಬೀಗ ಹಾಕಿದಳು. ನಾನು ಸಪ್ಪೆ ಅನ್ನ ಕಲಸುತ್ತ ಯೋಚಿಸುತ್ತಿದ್ದೆ: ನಾವು ಕರುಳ ಕುಡಿ ಎನ್ನುತ್ತೇವೆ, ಕರುಳು ಚುರ್ ಎಂದಿತು ಎನ್ನುತ್ತೇವೆ, ಮಾತಿನ ಕರುಳಿಗೆ ಅಷ್ಟು ಮರ್ಯಾದೆ, ಆದರೆ ಹುಟ್ಟಿದಾಗಿನಿಂದ ನಮ್ಮ ಚಾಕರಿ ಮಾಡಿಕೊಂಡಿರುವ ಹೊಟ್ಟೆಯೊಳಗಿನ ಆ ಬಡಪಾಯಿಯ ಸುದ್ದಿಯನ್ನು ಡಾಕ್ಟರರ ಮುಂದೆ ಎತ್ತಲೂ ನಾಚಿಕೆ. ಅಣ್ಣ ಒಂದು ಮಾತು ಹೇಳಿದ್ದರೆ ಇಂದು ನನ್ನ ಪಕ್ಕದಲ್ಲಿ ಕೂತು ನನ್ನ ಫಜೀತಿಗೆ ನಗುತ್ತಿದ್ದನೋ ಏನೋ. ಅವನ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಎರಡನೆಯ ಸಲ ಎಲ್ಲ ಸ್ವಚ್ಛವಾಗಿ ಕಂಡಿತು. ಮೊದಲ ಸಲ ಚಟ್ನಿ ಮೆತ್ತಿಕೊಂಡಿದ್ದ ಕಡೆಯೇ ಒಂದು ಸಣ್ಣ ಗಂಟು, ಅಲ್ಲೇ ತೆಗೆದರು. ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಮುಂದೆ ಆಗಬಹುದಿತ್ತು, ಇದು ಮನೆತನದಲ್ಲಿ ಹರಿದು ಬರುವುದುಂಟು ಎಂದರು.

ಅತ್ತಿಗೆಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಆಕೆ, "ತಮ್ಮಾ, ಹೊಸಾ ಚಟ್ನಿ ಕುಟ್ಟೀನಿ. ನಿಮ್ಮಣ್ಣನ ಮಗನ ಕೈಯಾಗ ಕಳಸ್ತೀನಿ. ಅವನ್ನೂ ಆ ಡಾಕ್ಟರ್ ಕಡೆ ಕರ್ಕೊಂಡು ಹೋಗಪಾ," ಎಂದಳು.

ಅಣ್ಣನ ಮಗ ಮೀಸೆ ಹೊತ್ತು ಬಂದ. ಅವನು ತಂದ ಡಬ್ಬಿ ಬಾಯಿತನಕ ತುಂಬಿತ್ತು. ಊಟಕ್ಕೆ ಕೂತಾಗ ಅದನ್ನು ನನ್ನ ತಾಟಿನ ಕಡೆಗೆ ಸರಿಸಿ, ತಾನು ಬರಿಯ ಬಿಳಿ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಉಣ್ಣತೊಡಗಿದ.