ಸೀಬೆ ತೋಟದ ಅಧ್ಯಾಯ ಯಾರದು?

ಎರಡು ವಾರದ ಹಿಂದೆ ನನ್ನ ಹದಿಮೂರನೇ ವಯಸ್ಸು ನನಗೇ ಒಂದು ಪುಸ್ತಕದಲ್ಲಿ ಸಿಕ್ಕಿತು. ಮೇಲಿದ್ದ ಹೆಸರು ಮಾತ್ರ ಇನ್ಯಾರದೋ.

ಮೊಮ್ಮಗಳು ಪಲ್ಲವಿ ಒಂಬತ್ತನೇ ಕ್ಲಾಸು. ಇಂಗ್ಲಿಷ್ ಮೀಡಿಯಂ. ಕನ್ನಡ ಟೀಚರು ಸ್ಕೂಲ್ ಲೈಬ್ರರಿಯಿಂದ ಒಂದು ಮಕ್ಕಳ ಕಾದಂಬರಿ ಕೊಟ್ಟು, ಮನೆಯಲ್ಲಿ ಜೋರಾಗಿ ಓದಿ ಅಂದಿದ್ದಾರೆ. ಅವಳು ಮುಗ್ಗರಿಸುತ್ತಾ ಓದುತ್ತಿದ್ದಳು. ನಾನು ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ.

ರೋಹನ್ ಅಂತ ಒಬ್ಬ ಹುಡುಗ. ರಜಕ್ಕೆ ತಾತನ ಫಾರ್ಮ್‌ಹೌಸಿಗೆ ಹೋಗುತ್ತಾನೆ. ಎಲ್ಲರಿಗೂ ಒಳ್ಳೆಯದು ಮಾಡುತ್ತಾನೆ. (ಇಂಥ ಮಕ್ಕಳನ್ನು ನಾನು ಪುಸ್ತಕದಲ್ಲಿ ಬಿಟ್ಟು ಬೇರೆಲ್ಲೂ ಕಂಡಿಲ್ಲ.) ನನಗೆ ತೂಕಡಿಕೆ ಬರುತ್ತಿತ್ತು. ಅಷ್ಟರಲ್ಲಿ ಸೀಬೆ ತೋಟ ಬಂತು. ಅಟ್ಟಣೆ ಮೇಲೆ ಕೂತು, ಸೀಮೆಎಣ್ಣೆ ಡಬ್ಬವನ್ನು ಕೋಲಿನಿಂದ ಬಡಿದು ಗಿಳಿ ಓಡಿಸುವ ಕೆಲಸ. ಡಬ್ಬದ ಅಂಚು ಅಂಗೈ ಕೊಯ್ಯುತ್ತದೆ ಅಂತ ಹಳೇ ಸೀರೆಯ ಅಂಚನ್ನು ಕೈಗೆ ಸುತ್ತಿಕೊಂಡಿರುವುದು. ಗಿಳಿ ಒಂದು ಹಣ್ಣನ್ನೂ ಪೂರ್ತಿ ತಿನ್ನದೆ, ಒಂದು ಕಡಿ ಕಡಿದು ಪಕ್ಕದ್ದಕ್ಕೆ ಹಾರುವುದು.

ಅವರೆಕಾಯಿ ಕೈಯಲ್ಲೇ ಉಳಿಯಿತು.

"ಮಗಾ, ಇನ್ನೊಂದ್ ಸಲ ಓದು."

"ಯಾಕಜ್ಜಿ, ಅಷ್ಟು ಸೂಪರ್ರಾ?"

"ಓದು ಅಂದ್ರೆ ಓದು."

ಆ ಅಟ್ಟಣೆ ಮೇಲೆ ಕೂತಿದ್ದವಳು ನಾನು. ಕೈಗೆ ಸುತ್ತಿದ್ದು ನಮ್ಮವ್ವನ ಸೀರೆ ಅಂಚು. ದೊಡ್ಡನೆಕ್ಕುಂದಿಯ ಸುತ್ತ ಇನ್ನೂ ತೋಟಗಳಿದ್ದ ಕಾಲ. ಒಂದು ದಿನ ಮಧ್ಯಾಹ್ನ ಕೈ ಸೋತುಹೋಯಿತು. ಕೋಲು ಕೆಳಗಿಟ್ಟೆ. ಗಿಳಿ ಬಂದವು, ತಿಂದವು, ನಾನು ನೋಡುತ್ತಾ ಕೂತೆ. ತೋಟದವನು ಬಂದು ಕೆನ್ನೆಗೆ ಬಾರಿಸಿದ. ಇಷ್ಟೇ ಕಥೆ. ಪುಸ್ತಕದ ರೋಹನ್ ಕೋಲು ಎಸೆದು, "ಹಕ್ಕಿಗಳೇ, ತಿನ್ನಿ, ಈ ಭೂಮಿ ನಿಮ್ಮದೂ ಹೌದು" ಅನ್ನುತ್ತಾನೆ. ತಾತ ಅಪ್ಪಿಕೊಳ್ಳುತ್ತಾನೆ.

ನನ್ನನ್ನು ಯಾರೂ ಅಪ್ಪಿಕೊಳ್ಳಲಿಲ್ಲ.

ಇದನ್ನು ನಾನು ಒಬ್ಬಳಿಗೆ ಮಾತ್ರ ಹೇಳಿದ್ದೆ. ಮಕ್ಕಳಿಗೂ ಹೇಳಿಲ್ಲ, ಅವರು ಕೇಳಲೂ ಇಲ್ಲ. ಹೇಳಿದ್ದು ನಮ್ಮ ಮೇಲಿನ ರೂಮಿನಲ್ಲಿ ಬಾಡಿಗೆಗಿರುವ ಸವಿತಾಗೆ. (ಹೆಸರು ಬದಲಿಸಿದ್ದೇನೆ. ಬರೆಯಲೇ ಅಂತ ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.)

ಸವಿತಾ ಕೊಪ್ಪಳದ ಕಡೆಯವಳು. ನಮ್ಮ ಉಳಿದ ರೂಮುಗಳಲ್ಲಿರುವ ಆ ಕಡೆಯವರೆಲ್ಲ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಫ್ಯಾಕ್ಟರಿಗೋ ಕಟ್ಟಡದ ಕೆಲಸಕ್ಕೋ ಹೋಗುತ್ತಾರೆ. ಇವಳು ಎಲ್ಲಿಗೂ ಹೋಗುವುದಿಲ್ಲ. ಫ್ರೀಲ್ಯಾನ್ಸ್ ಎಡಿಟರ್. ಅಂದರೆ ಬೇರೆಯವರು ಬರೆದದ್ದನ್ನು ತಿದ್ದುವವಳು. ಅಪಾರ್ಟ್‌ಮೆಂಟ್ ಸಂಘದ ನಿಯಮಾವಳಿ, ಕಂಪನಿಯವರ ಕನ್ನಡ ಬ್ರೋಷರು, ಯಾರದೋ ಪಿಎಚ್‌ಡಿ, ಯಾರದೋ ಆತ್ಮಕಥೆ. ಎಲ್ಲವೂ ಅರ್ಜೆಂಟು. ಶನಿವಾರ ಸಂಜೆ ಕಳಿಸುತ್ತಾರೆ, ಸೋಮವಾರ ಬೆಳಿಗ್ಗೆ ಬೇಕು ಅನ್ನುತ್ತಾರೆ. ಸೋಮವಾರ ಕಳಿಸಿದರೆ ಹದಿನೈದು ದಿನ ತೆರೆದು ನೋಡುವುದಿಲ್ಲ.

ಮನೆಯಲ್ಲಿರುತ್ತಾಳೆ ಅಂದಮೇಲೆ ಕೆಲಸವಿಲ್ಲದವಳು ಅಂತಲೇ ಅರ್ಥ, ಅಲ್ಲವೇ? ಎಲ್ಲಾ ರೂಮಿನ ಬೀಗದ ಕೈ ಅವಳ ಹತ್ತಿರ. ಕೊರಿಯರ್ ಅವಳೇ ತೆಗೆದುಕೊಳ್ಳಬೇಕು. ಗ್ಯಾಸ್ ಸಿಲಿಂಡರ್ ಅವಳೇ ಇಳಿಸಿಕೊಳ್ಳಬೇಕು. ನೀರಿನ ಟ್ಯಾಂಕರ್ ಬಂದರೆ ಪೈಪ್ ಹಿಡಿಯುವವಳೂ ಅವಳೇ. ನಾನೂ ಕಡಿಮೆ ಇಲ್ಲ. ಈ ಅಂಕಣವನ್ನು ಪೆನ್ಸಿಲ್ಲಿನಲ್ಲಿ ಗೀಚಿ ಅವಳ ಬಾಗಿಲಿಗೆ ಒಯ್ಯುತ್ತೇನೆ. ಐವತ್ತು ದಾಟಿದ ಮೇಲೆ ಅಕ್ಷರ ಕಲಿತವಳು ನಾನು. ಟೈಪ್ ಮಾಡಿ ಪತ್ರಿಕೆಗೆ ಕಳಿಸುವವಳು ಅವಳು.

ಇದರ ನಡುವೆ ಅವಳದೇ ಒಂದು ಕಾದಂಬರಿ. ಮೂರು ವರ್ಷದಿಂದ ಬರೆಯುತ್ತಿದ್ದಾಳೆ. ಹದಿಮೂರು ಹದಿನಾಲ್ಕು ವಯಸ್ಸಿನವರಿಗಂತೆ. ಯಂಗ್ ಅಡಲ್ಟ್ ಅಂತಾರಂತೆ. "ಸಣ್ಣೋರಲ್ಲ, ದೊಡ್ಡೋರೂ ಅಲ್ರಿ ಅಜ್ಜಿ, ಅಂಥವ್ರಿಗೆ" ಅಂದಳು. ನಮ್ಮ ಕಾಲದಲ್ಲಿ ಅಂಥ ವಯಸ್ಸೇ ಇರಲಿಲ್ಲ. ಇವತ್ತು ಕುಂಟೆಬಿಲ್ಲೆ, ನಾಳೆ ಲಗ್ನ. ಅದಕ್ಕೇ ಅವಳು ನನ್ನನ್ನು ಹಿಡಿದುಕೊಂಡಳು. ಆ ವಯಸ್ಸಿನಲ್ಲಿ ನೀವು ಏನು ಮಾಡುತ್ತಿದ್ದಿರಿ ಅಂತ ತಿಂಗಳುಗಟ್ಟಲೆ ಕೇಳಿದಳು. ಅಟ್ಟಣೆ ಎಷ್ಟು ಎತ್ತರ, ಯಾವ ಕೈ ನೋಯುತ್ತಿತ್ತು, ಬಾಯಾರಿದರೆ ಯಾರು ನೀರು ಕೊಡುತ್ತಿದ್ದರು. ಬರೆದು ತಂದು ಓದಿದಳು. ಸೀಬೆ ತೋಟದ ಅಧ್ಯಾಯವನ್ನು ಕಿವಿಗೊಟ್ಟು ಕೇಳಿದೆ. ತಪ್ಪು ಹುಡುಕಿದೆ, ಸಿಗಲಿಲ್ಲ.

ಅದೇ ಅಧ್ಯಾಯ ಈಗ ರೋಹನ್ ಕೈಯಲ್ಲಿ.

ಪಲ್ಲವಿಯ ಕೈಯಿಂದ ಪುಸ್ತಕ ಕಿತ್ತುಕೊಂಡು ಮೆಟ್ಟಿಲು ಹತ್ತಿದೆ. ಮಂಡಿ ನೋವಿದ್ದರೂ ಹತ್ತಿದೆ. ಪುಸ್ತಕವನ್ನು ಅವಳ ಕಂಪ್ಯೂಟರ್ ಮೇಲೆ ಇಟ್ಟೆ.

"ಏನಮ್ಮಿ ಇದು? ನಾನು ನಿಂಗ್ ಹೇಳಿದ್ದು ಇವ್ನ ಬಾಯಿಗೆಂಗ್ ಬಂತು?"

ಅವಳು ಪುಸ್ತಕ ನೋಡಿದಳು. ಸುಳ್ಳು ಹೇಳಲಿಲ್ಲ. ಅದೊಂದು ಒಳ್ಳೆಯ ಗುಣ.

"ನಾನಽ ಕೊಟ್ಟೀನ್ರಿ ಅಜ್ಜಿ."

ನಡೆದದ್ದು ಇಷ್ಟು. ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಕಂಪನಿಯ ದೊಡ್ಡ ಮ್ಯಾನೇಜರು ಒಬ್ಬರು ಮಕ್ಕಳ ಕಾದಂಬರಿ ಬರೆದರು. ತಿದ್ದಲು ಇವಳಿಗೆ ಕೊಟ್ಟರು. ನಡುವೆ ಹುಡುಗ ತೋಟಕ್ಕೆ ಹೋಗುತ್ತಾನೆ, ಬರುತ್ತಾನೆ, ಅಲ್ಲಿ ಏನೂ ಆಗುವುದಿಲ್ಲ. "ಇಲ್ಲೇನಾದ್ರೂ ಹಾಕಿ ಸರಿ ಮಾಡಿ ಮೇಡಂ, ಸೋಮವಾರ ಪ್ರೆಸ್ಸಿಗೆ ಹೋಗ್ಬೇಕು" ಅಂದರು. ಇವಳು ಎರಡು ದಿನ ತಲೆ ಕೆರೆದುಕೊಂಡಳು. ಏನೂ ಹೊಳೆಯಲಿಲ್ಲ. ಇಂಥದ್ದು ಬೇಕು ಅಂತ ಅವರಿಗೆ ತೋರಿಸಲಿಕ್ಕೆ ತನ್ನ ಅಧ್ಯಾಯವನ್ನೇ ಅಲ್ಲಿಟ್ಟಳು. ಹುಡುಗಿಯನ್ನು ಹುಡುಗ ಮಾಡಿದಳು. ನೋಡಿಕೊಂಡು ಅವರೇ ಬೇರೆ ಬರೆಯುತ್ತಾರೆ ಅಂದುಕೊಂಡಳು.

ಅವರು ಬರೆಯಲಿಲ್ಲ. "ಎಕ್ಸಲೆಂಟ್ ಎಡಿಟಿಂಗ್" ಅಂದರು. ಭೂಮಿ ನಿಮ್ಮದೂ ಹೌದು ಅನ್ನುವುದನ್ನು ಸೇರಿಸಿ ಪ್ರೆಸ್ಸಿಗೆ ಕಳಿಸಿದರು.

"ಆಗ್ಲೇ ಹೇಳ್ಬಾರ್ದಾಗಿತ್ತಾ?"

"ಹೆಂಗ ಹೇಳ್ಲಿರಿ? ಎಲ್ಲಾರ ಬರವಣಿಗ್ಯಾಗೂ ಒಂದ್ ಸಾಲು, ಎರಡ್ ಸಾಲು ನಂದು ಇರ್ತೈತ್ರಿ. ಅದಽ ನನ್ ಕೆಲಸ. ಎಲ್ಲಿಗೆ ನಿಲ್ಲಿಸ್ಬೇಕಂತ ಗೊತ್ತಾಗ್ಲಿಲ್ಲ."

ಗುಡಿಸುವವಳು ತನ್ನ ಮನೆಯ ಚಾಪೆಯನ್ನೇ ತಂದು ಯಜಮಾನರ ಮನೆಯಲ್ಲಿ ಹಾಸಿದ ಹಾಗಾಯಿತು. ಎಂಥ ಪೆದ್ದು ಅಂತೀರಿ? ಆದರೆ ಬೈಯಲು ಪುರಸೊತ್ತಿರಲಿಲ್ಲ. ಒಂದು ಪ್ರಕಾಶನದವರು ಇವಳ ಕಾದಂಬರಿಯ ಮೂರು ಅಧ್ಯಾಯ ಓದಿ, ಪೂರ್ತಿ ಕಳಿಸಿ ಅಂದಿದ್ದರು. ಅವರಿಗೆ ಬಹಳ ಹಿಡಿಸಿದ್ದು ಸೀಬೆ ತೋಟ. ಕಳಿಸಲು ಉಳಿದಿದ್ದು ಹತ್ತು ದಿನ. ಹಾಗೇ ಕಳಿಸಿದರೆ ನಾಳೆ ಯಾರಾದರೂ ಎರಡೂ ಪುಸ್ತಕ ಓದಿ ಕಳ್ಳಿ ಅಂತ ಇವಳನ್ನೇ ಅನ್ನುತ್ತಾರೆ. ಮ್ಯಾನೇಜರ ಪುಸ್ತಕ ಮೊದಲು ಬಂದಿದೆಯಲ್ಲ.

"ನಡಿ, ಅವ್ರತ್ರ ಹೋಗಾನ" ಅಂದೆ.

ರಿಂಗ್ ರೋಡಿನಲ್ಲಿ ಒಂದು ಬಸ್ಸು, ಸಿಲ್ಕ್ ಬೋರ್ಡಿನಲ್ಲಿ ಇಳಿದು ಇನ್ನೊಂದು. ಬೆಳ್ಳಂದೂರು ದಾಟಲಿಕ್ಕೇ ಮುಕ್ಕಾಲು ಗಂಟೆ. ಕಂಪನಿ ಗೇಟಿನಲ್ಲಿ ಫೋಟೋ ಹಿಡಿದರು. ರಿಜಿಸ್ಟರಿನಲ್ಲಿ 'ಬಂದ ಉದ್ದೇಶ' ಅಂತ ಒಂದು ಕಲಂ.

"ಜಗಳ ಅಂತ ಬರಿ" ಅಂದೆ.

ಸವಿತಾ 'ಮೀಟಿಂಗ್' ಅಂತ ಬರೆದಳು.

ಮ್ಯಾನೇಜರು ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಕೂಗಾಡಿ ಬರಬಹುದಿತ್ತು. ಅವರು ಎದ್ದು ನಿಂತು ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ಪೂರ್ತಿ ಕೇಳಿಸಿಕೊಂಡರು. ಮುಖ ಕೆಂಪಾಯಿತು.

"ಮೇಡಂ, ನೀವೇ ಬರೆದು ಹಾಕಿದ್ದೀರಿ ಅಂತ ಗೊತ್ತಿತ್ತು. ಆದ್ರೆ ಅದು ನಿಮ್ಮ ಕಾದಂಬರೀದು ಅಂತ ನೀವು ಹೇಳ್ಲೇ ಇಲ್ವಲ್ಲ?"

"ಹೇಳ್ಲಿಲ್ರಿ ಸರ್."

"ಪುಸ್ತಕ ಆಗ್ಲೇ ಸ್ಕೂಲುಗಳಿಗೆ ಹೋಗಿದೆ. ಎಲ್ರಿಗೂ ಇಷ್ಟ ಆಗಿರೋದೇ ಆ ಚಾಪ್ಟರ್. ಈಗ ನಾನು ಏನಂತ ಹೇಳ್ಲಿ?"

"ಇವ್ಳು ಬರ್ದಿದ್ದು ಅಂತ ಹೇಳಿ" ಅಂದೆ ನಾನು.

ಅವರು ನನ್ನ ಕಡೆ ತಿರುಗಿದರು. ಬುದ್ಧಿವಂತ ಮನುಷ್ಯ.

"ಅಜ್ಜಿ, ತಪ್ಪು ತಿಳ್ಕೋಬೇಡಿ. ಗಿಳಿ ಓಡಿಸಿದ್ದು ನೀವು. ಅವ್ರು ನಿಮ್ಮಿಂದ ತಗೊಂಡ್ರು. ನಾನು ಅವ್ರಿಂದ ತಗೊಂಡೆ. ಇದ್ರಲ್ಲಿ ಏನು ವ್ಯತ್ಯಾಸ?"

ಒಳ್ಳೆಯ ಪ್ರಶ್ನೆ. ಸವಿತಾ ತಲೆ ತಗ್ಗಿಸಿದಳು. ನಾನು ಒಂದು ಗುಟುಕು ಕಾಫಿ ಕುಡಿದೆ.

"ಸಾರ್, ನಂಗೆ ಯಾವ್ ಕೈ ನೋಯ್ತಿತ್ತು?"

"ಅಂದ್ರೆ?"

"ಡಬ್ಬ ಬಡೀವಾಗ. ಎಡಗೈಯ್ಯೋ ಬಲಗೈಯ್ಯೋ?"

"ಅದು ಹೆಂಗೆ ಗೊತ್ತಾಗುತ್ತೆ?"

"ಇವ್ಳಿಗೆ ಗೊತ್ತು. ಕೇಳಿದ್ಲು."

ಆಮೇಲೆ ಅವರು, ಮುಂದಿನ ಮುದ್ರಣವಾದರೆ ಕೊನೆ ಪುಟದಲ್ಲಿ 'ಸಹಕರಿಸಿದವರಿಗೆ ಕೃತಜ್ಞತೆ' ಅಂತ ಇಬ್ಬರ ಹೆಸರೂ ಹಾಕಿಸುತ್ತೇನೆ ಅಂದರು. ಬಾಗಿಲು ಕಾದವರಿಗೂ ಟೀ ಕೊಟ್ಟವರಿಗೂ ಹೇಳುತ್ತಾರಲ್ಲ, ಆ ಪುಟದಲ್ಲಿ.

"ಆಯ್ತ್ರಿ ಸರ್, ಥ್ಯಾಂಕ್ಸ್" ಅಂದುಬಿಟ್ಟಳು ಸವಿತಾ!

ಬಸ್ಸಿನಲ್ಲಿ ನಾನು ಬಾಯಿಗೆ ಬಂದ ಹಾಗೆ ಬೈದೆ. ಅವಳು ಕಿಟಕಿಗೆ ತಲೆ ಒರಗಿಸಿ ಕೇಳಿಸಿಕೊಂಡಳು. ಕೊನೆಗೆ ಹೇಳಿದಳು: "ಅಜ್ಜಿ, ನಾಳೆ ಅವ್ರು ನಾಲ್ಕ್ ಮಂದಿಗೆ ನನ್ ಹೆಸರು ಹೇಳಿದ್ರಽ ನಂಗ ಕೆಲಸ ಬರೂದ್ರಿ. ಜಗಳ ಮಾಡಿದ ಎಡಿಟರ್‌ಗೆ ಯಾರು ಫೈಲ್ ಕಳಸ್ತಾರ?"

ಸೂಪರ್‌ವೈಸರ್ ಇಲ್ಲ, ಪಂಚಿಂಗ್ ಕಾರ್ಡ್ ಇಲ್ಲ, ಯಾರ ಹಂಗೂ ಇಲ್ಲ ಅಂತ ನಾವೆಲ್ಲ ಅವಳನ್ನು ಕಂಡು ಹೊಟ್ಟೆಕಿಚ್ಚು ಪಡುತ್ತೇವೆ. ಫ್ಯಾಕ್ಟರಿಯವರಿಗೆ ಒಬ್ಬ ಯಜಮಾನ. ಇವಳಿಗೆ ಫೋನಿನಲ್ಲಿರುವ ಅಷ್ಟೂ ನಂಬರು ಯಜಮಾನರೇ.

ಮನೆಗೆ ಬಂದು ಪ್ರಕಾಶಕರಿಗೆ ಕಾಗದ ಬರೆಯಲು ಕೂತಳು. ಎರಡು ದಿನ ಅದನ್ನೇ ತಿದ್ದಿದಳು. ಓದಿ ಅಂತ ನನಗೆ ಕೊಟ್ಟಳು. 'ಅನಿವಾರ್ಯ ಕಾರಣಗಳಿಂದ', 'ಪರಸ್ಪರ ಸಾಮ್ಯ ಕಂಡುಬಂದಲ್ಲಿ'. ನನಗೆ ಒಂದೂ ತಿಳಿಯಲಿಲ್ಲ. ಇಂಗಲ್ಲ ಕಣಮ್ಮಿ, ನಾನು ಹೇಳ್ತೀನಿ ಬರ್ಕೋ ಅಂದೆ: 'ಆ ಪುಸ್ತಕದಲ್ಲಿರುವ ಸೀಬೆ ತೋಟದ ಅಧ್ಯಾಯ ನಾನು ಬರೆದದ್ದು. ನಾನೇ ಕೊಟ್ಟೆ. ತಪ್ಪು ನನ್ನದು. ನನ್ನ ಪುಸ್ತಕದಲ್ಲಿ ಅದು ಇರಬೇಕು ಅಂತ ನನ್ನ ಆಸೆ. ನೀವು ಏನು ಹೇಳುತ್ತೀರಿ?'

ಒಂದು ಅಕ್ಷರವನ್ನೂ ತಿದ್ದದೆ ಕಳಿಸಿದಳು. ಅವಳ ಮಟ್ಟಿಗೆ ಅದು ದೊಡ್ಡ ವಿಷಯ.

ನಾಲ್ಕನೇ ದಿನ ಉತ್ತರ ಬಂತು. ನಿಜ ಹೇಳಿದ್ದು ಸಂತೋಷ. ಆದರೆ ಬೇರೆಯವರ ಹೆಸರಿನಲ್ಲಿ ಅಚ್ಚಾಗಿರುವುದನ್ನು ನಾವು ಹಾಕಲಾರೆವು. ಅದನ್ನು ತೆಗೆದು, ಬೇರೆ ಬರೆದು, ಇನ್ನೊಂದು ತಿಂಗಳೊಳಗೆ ಕಳಿಸಿ. ಚೆನ್ನಾಗಿದ್ದರೆ ನೋಡೋಣ.

ಸತ್ಯ ಹೇಳಿದರೆ ಎಲ್ಲ ಸರಿಹೋಗುತ್ತದೆ ಅಂತ ಮಕ್ಕಳ ಪುಸ್ತಕದಲ್ಲಿ ಬರೆಯುತ್ತಾರಲ್ಲ, ಬರೆಯುವವರಿಗೂ ಅದು ಗೊತ್ತಿರುವುದಿಲ್ಲವೇ?

ಅವಳು ಅಳಲಿಲ್ಲ. ಅಧ್ಯಾಯ ತೆಗೆದಳು. ಗ್ಯಾಸ್ ಸಿಲಿಂಡರ್ ಬಂತು, ಹೋಗಿ ಇಳಿಸಿಕೊಂಡಳು. ಯಾರದೋ ಆತ್ಮಕಥೆ ಬಂದಿತ್ತು, ಅರ್ಜೆಂಟು, ಅದನ್ನು ತಿದ್ದಿದಳು. ಅದರಲ್ಲೂ ಒಂದು ಕಡೆ ಖಾಲಿ ಇತ್ತಂತೆ. "ಸರ್, ಇಲ್ಲಿ ಏನೂ ಆಗಂಗಿಲ್ಲ, ನೀವಽ ಬರೀಬೇಕ್ರಿ" ಅಂತ ಫೋನಿನಲ್ಲಿ ಹೇಳುವುದು ಕೆಳಗೆ ನನಗೂ ಕೇಳಿಸಿತು. ಆ ಕಡೆಯವರು ಏನೋ ರೇಗಿದರಂತೆ. ಆದರೂ ಇವಳು ಬರೆದು ಕೊಡುತ್ತೇನೆ ಅನ್ನಲಿಲ್ಲ.

ನಿನ್ನೆ ಬೆಳಿಗ್ಗೆ ನೋಟ್‌ಬುಕ್ಕು ಹಿಡಿದು ಕೆಳಗಿಳಿದು ಬಂದಳು. ಜಗಲಿ ಮೇಲೆ ಕೂತಳು.

"ಅಜ್ಜಿ, ಇನ್ನೊಂದ್ ಏನರ ಐತೇನ್ರಿ?"

"ಐತೆ. ಇದ್ನೂ ಯಾರಿಗಾದ್ರೂ ಹಾಸ್ಬಿಟ್ಟು ಬಂದ್ರೆ ಮಗ್ಳೇ, ರೂಮ್ ಖಾಲಿ ಮಾಡಿಸ್ತೀನಿ."

"ಇಲ್ರಿ."

ಮಧ್ಯಾಹ್ನದವರೆಗೂ ಹೇಳಿದೆ. ಕೇಳಿ ಕೇಳಿ ಬರೆದುಕೊಂಡಳು.

ಯಾವ ಕಥೆ ಅಂತ ನೀವು ಕೇಳಬೇಡಿ. ಅವಳ ಹೆಸರಿನಲ್ಲಿ ಅಚ್ಚಾಗುವವರೆಗೆ ಅದು ಈ ಅಂಕಣಕ್ಕೂ ಸಿಗುವುದಿಲ್ಲ.