ಮಾಯಸಂದ್ರದ ಕಡೆಯ ಬಿಳಿ ಮಚ್ಚೆ

ಬುಧವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ರೈಲು ಹತ್ತಿದಾಗ ನನ್ನ ಬಳಿ ಇದ್ದದ್ದು ಒಂದು ಹೆಗಲಚೀಲ, ಒಂದು ಭೂತಗನ್ನಡಿ, ರಟ್ಟಿನ ಕೊಳವೆಯಲ್ಲಿ ಸುತ್ತಿಟ್ಟ ಒಂದು ಚಿತ್ರ. ತಿಪಟೂರಿಗೆ ಎರಡನೇ ದರ್ಜೆಯ ಟಿಕೆಟ್ಟಿಗೆ ಹದಿಮೂರು ರೂಪಾಯಿ. ಕೊಳವೆಯನ್ನು ಸೀಟಿನ ಮೇಲಿಟ್ಟರೆ ಯಾರಾದರೂ ಅದರ ಮೇಲೆ ಕೂತುಬಿಡುತ್ತಾರೆ, ಕೆಳಗಿಟ್ಟರೆ ತುಳಿಯುತ್ತಾರೆ. ತುಮಕೂರು ದಾಟುವವರೆಗೂ ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದೆ. ಎದುರಿಗಿದ್ದ ಹೆಂಗಸು "ಜಾತಕವೇನಮ್ಮ?" ಎಂದು ಕೇಳಿದರು. "ಹೌದು, ತಿಪಟೂರು, ತುರುವೇಕೆರೆ ತಾಲ್ಲೂಕುಗಳದ್ದು" ಎಂದೆ. ಆಕೆ ಮುಖ ತಿರುಗಿಸಿಕೊಂಡು ಕಿಟಕಿಯಾಚೆ ನೋಡತೊಡಗಿದರು. ನನ್ನ ನಾಲಿಗೆ ಮೊದಲಿನಿಂದಲೂ ಹೀಗೆಯೇ.

ಅದು ಉಪಗ್ರಹ ತೆಗೆದ ಚಿತ್ರ. ಎಂಬತ್ತರ ದಶಕದ ನಡುವಿನ ಮಾತು ಇದು. ನಮ್ಮ ಕಚೇರಿಯಲ್ಲಿ ಇಂಥ ಚಿತ್ರಗಳನ್ನು ಬೆಳಕಿನ ಮೇಜಿನ ಮೇಲೆ ಹರಡಿ, ಎಲ್ಲಿ ಕೆರೆ, ಎಲ್ಲಿ ತೋಟ, ಎಲ್ಲಿ ಬೀಳು ಎಂದು ಗೆರೆ ಎಳೆದು ನಕ್ಷೆ ಮಾಡುತ್ತಿದ್ದೆವು. ಹಸಿರೆಲೆಯಿಂದ ನಮ್ಮ ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕು ಜೋರಾಗಿ ಮೇಲಕ್ಕೆ ಚಿಮ್ಮುತ್ತದೆ. ಉಪಗ್ರಹಕ್ಕೆ ಅದು ಕಾಣುತ್ತದೆ, ಅಚ್ಚು ಹಾಕುವಾಗ ಅದಕ್ಕೆ ಕೆಂಪು ಬಣ್ಣ ಕೊಡುತ್ತಾರೆ. ಹಾಗಾಗಿ ಚಿತ್ರದಲ್ಲಿ ಸೊಂಪಾದ ತೋಟ ಕೆಂಪು, ನೀರು ಕಪ್ಪು, ಬರಿಯ ನೆಲ ಬಿಳಿಚು. ಗರಿ ಬತ್ತಿದರೆ ಕೆಂಪು ಮಾಸುತ್ತದೆ. ಎರಡು ಮೂರು ವಾರಕ್ಕೊಮ್ಮೆ ಉಪಗ್ರಹ ಅದೇ ನೆಲದ ಮೇಲೆ ಮತ್ತೆ ಹಾಯುವುದರಿಂದ, ಯಾವ ಕೆರೆ ಯಾವ ತಿಂಗಳು ಬತ್ತಿತು, ಮಳೆ ಬಿದ್ದ ಮೇಲೆ ಎಲ್ಲೆಲ್ಲಿ ಪೈರು ಎದ್ದಿತು ಎಂದು ಕೂತಲ್ಲೇ ಹೇಳಬಹುದು. ಹಾಗೆ ಕೂತಲ್ಲೇ ಹೇಳಿದ್ದನ್ನು ಸ್ಥಳಕ್ಕೆ ಹೋಗಿ ತಾಳೆ ನೋಡಲು ನನ್ನನ್ನು ಕಳಿಸಿದ್ದರು.

ಹಿಂದಿನ ವರ್ಷದ ಏಪ್ರಿಲ್ ಚಿತ್ರದಲ್ಲಿ, ಮಾಯಸಂದ್ರದ ಕಡೆ ಒಂದು ಕೆರೆಯ ಕೆಳಗೆ, ಕಡುಗೆಂಪು ತೋಟಗಳ ನಡುವೆ ಹನ್ನೆರಡು ಎಕರೆಯಷ್ಟು ಅಗಲದ ಬಿಳಿ ಮಚ್ಚೆಯೊಂದಿತ್ತು. ಅದರ ಸುತ್ತ ಗೆರೆ ಎಳೆದು "ತೆಂಗು, ಅಣಬೆ ರೋಗ" ಎಂದು ಬರೆದವಳು ನಾನು. ಬುಡದಲ್ಲಿ ಅಣಬೆ ಎದ್ದು ಮರ ಒಳಗೊಳಗೇ ಕೊಳೆಯುವ ರೋಗ ಅದು. ಬೇರಿನಿಂದ ಬೇರಿಗೆ ಹರಡುತ್ತದೆ, ಮರ ಕಡಿದು ಸುತ್ತ ಕಾಲುವೆ ತೋಡದೆ ನಿಲ್ಲುವುದಿಲ್ಲ. ಬರೆಯುವಾಗ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆಚಿಹ್ನೆಯನ್ನೂ ಹಾಕಿದ್ದೆ. ನಮ್ಮ ಮುಖ್ಯಸ್ಥರು "ಖಾತ್ರಿಯೇನಮ್ಮ?" ಎಂದು ಕೇಳಿದರು. ಕೆಲಸಕ್ಕೆ ಸೇರಿದ ಹೊಸತು, ಅಳುಕು ತೋರಿಸಬಾರದು ಎಂದು "ಖಾತ್ರಿ ಸಾರ್" ಅಂದೆ, ರಬ್ಬರಿನಿಂದ ಆ ಚಿಹ್ನೆಯನ್ನು ಉಜ್ಜಿಬಿಟ್ಟೆ. ಅವರು ಸಹಿ ಹಾಕಿದರು, ರೋಗ ಬಿದ್ದ ತೋಟಗಳ ಪಟ್ಟಿ ತಿಪಟೂರಿನ ತೋಟಗಾರಿಕೆ ಕಚೇರಿಗೆ ಹೋಯಿತು. ತಾಳೆ ನೋಡುವುದಕ್ಕೆ ಮುಂಚೆ ಹೋಗಬಾರದಿತ್ತು ಎಂದು ಆಗ ನಮಗ್ಯಾರಿಗೂ ಹೊಳೆಯಲಿಲ್ಲ.

ತಿಪಟೂರಿನಲ್ಲಿ ಇಳಿದಾಗ ಹನ್ನೊಂದೂವರೆ. ಬಸ್ ನಿಲ್ದಾಣದ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು ಚಿಕ್ಕನಾಯಕನಹಳ್ಳಿಯ ಬಸ್ಸು ಹಿಡಿದೆ. ಆ ಕಡೆ ನೋಡಬೇಕಾದ ಜಾಗ ಮೂರು. ಒಂದು ಕೆರೆ ಫೆಬ್ರವರಿಗೇ ಬತ್ತಿದೆ ಎಂದಿದ್ದೆವು, ಅಂಗಳದಲ್ಲಿ ಕುರಿ ಮೇಯುತ್ತಿದ್ದವು. ಇನ್ನೊಂದರಲ್ಲಿ ಮೂಲೆಯಲ್ಲಿ ಮಾತ್ರ ನೀರು ಎಂದಿದ್ದೆವು, ಅದೇ ಮೂಲೆಯಲ್ಲಿ ಎಮ್ಮೆಗಳು ಬಿದ್ದುಕೊಂಡಿದ್ದವು. ಮೂರನೆಯದು ಬೀಳು, ಅದೂ ಗೆರೆ ಎಳೆದ ಹಾಗೆಯೇ ಇತ್ತು. ಕುರಿ ಕಾಯುತ್ತಿದ್ದ ಅಜ್ಜನಿಗೆ ಚಿತ್ರ ಬಿಚ್ಚಿ ತೋರಿಸಿದೆ. ಆತ ಬಹಳ ಹೊತ್ತು ನೋಡಿ, "ಊರೆಲ್ಲ ಕೆಂಪ್ಗೆ ಬರ್ದವ್ರಲ್ಲಮ್ಮ, ಏನ್ ಬೆಂಕಿ ಬಿದ್ದೈತಾ?" ಎಂದ. ಕೆಂಪೆಂದರೆ ಹಸಿರು ಎಂದು ವಿವರಿಸಿದೆ. "ಹಂಗಾದ್ರೆ ಹಸ್ರೇ ಬಳಿಬೋದಿತ್ತು ಬುಡು" ಎಂದು ಕುರಿ ಅಟ್ಟಿಕೊಂಡು ಹೋದ. ಮೂರಕ್ಕೆ ಮೂರೂ ಸರಿಬಂದಿದ್ದರಿಂದ ನನಗೆ ಜಂಬ ಏರಿತ್ತು, ಆ ಮಾತಿಗೂ ನಗು ಬಂತು.

ಸಂಜೆ ತಿಪಟೂರಿಗೆ ಹಿಂದಿರುಗಿದೆ. ಅಂದು ಕೊಬ್ಬರಿ ಹರಾಜಿನ ದಿನ, ಊರು ತುಂಬ ಗಾಡಿ, ಲಾರಿ, ಚೀಲ. ನಮ್ಮ ಪಟ್ಟಿ ತಲುಪಿದ್ದ ಕಚೇರಿಗೆ ಹೋದಾಗ ಅಲ್ಲಿನ ಗುಮಾಸ್ತರು ಬಾಗಿಲಿಗೆ ಬೀಗ ಹಾಕುತ್ತಿದ್ದರು. ಮಾಯಸಂದ್ರದ ಕಡೆಯ ತೋಟ ನೋಡಲು ಬಂದಿದ್ದೇನೆ ಎಂದೆ. "ನೋಡೋದೇನ್ರೀ ಉಳಿದೈತೆ? ನಮ್ಮೋರು ಹೋಗಿದ್ರು, ಒಣಗಿದ ಗರಿ ಕಂಡ್ರು, ನಲವತ್ತು ಮರಕ್ಕೆ ಸುಣ್ಣ ಬಳ್ದು ಬಂದವ್ರೆ. ಶುಕ್ರವಾರ ಕಡೀತಾರೆ. ಅದ್ರಾಚೆಗೆ ಕಾಲುವೆ" ಎಂದರು. ಬೇಸಿಗೆಯಲ್ಲಿ ಯಾವ ತೆಂಗಿನ ಮರದಲ್ಲಿ ನಾಲ್ಕು ಒಣಗರಿ ಇರುವುದಿಲ್ಲ! ನಿಲ್ಲಿಸಲು ಏನು ಮಾಡಬೇಕು ಎಂದು ಕೇಳಿದೆ. ಪಟ್ಟಿ ಕಳಿಸಿದ ಬೆಂಗಳೂರಿನವರೇ ಹೇಳಬೇಕು ಎಂದು ಬೀಗ ಎಳೆದು ನೋಡಿ ಹೊರಟರು. ಆ ರಾತ್ರಿ ಲಾಡ್ಜಿನಲ್ಲಿ ಸರಿಯಾಗಿ ನಿದ್ದೆ ಬರಲಿಲ್ಲ.

ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ತುರುವೇಕೆರೆ, ಎರಡೂಮುಕ್ಕಾಲು ರೂಪಾಯಿ. ಅಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಮಾಯಸಂದ್ರದ ಬಸ್ಸು ಬಂತು. ಇಳಿದು ಎರಡು ಮೈಲಿ ನಡೆದೆ. ಊರಿನ ಹೆಸರು ಬರೆಯುವುದಿಲ್ಲ, ಅವರಿಗೆ ನನ್ನಿಂದ ಆದ ತೊಂದರೆ ಸಾಕು. ಸುಣ್ಣದ ಪಟ್ಟಿ ಬಳಿದ ಮರಗಳು ದೂರಕ್ಕೇ ಕಂಡವು. ಮರವೊಂದರ ಬುಡದಲ್ಲಿ ಐವತ್ತರ ಆಸುಪಾಸಿನ ಒಬ್ಬರು ಕೂತು ಕುಡುಗೋಲಿನಿಂದ ಮಣ್ಣು ಕೆರೆಯುತ್ತಿದ್ದರು. ತೋಟ ಅವರದು, ಹೆಸರು ನಂಜಪ್ಪ. ಬೆಂಗಳೂರಿನಿಂದ ತೋಟ ನೋಡಲು ಬಂದಿದ್ದೇನೆ ಎಂದಷ್ಟೇ ಹೇಳಿದೆ. ಪಟ್ಟಿ ನನ್ನದು ಎನ್ನಲು ಬಾಯಿ ಬರಲಿಲ್ಲ.

"ಹದಿನೈದು ದಿನದಿಂದ ಬುಡಬುಡಾನೂ ಕೆರ್ದು ನೋಡ್ತಾ ಇವ್ನಿ ಕಣಮ್ಮ" ಎಂದರು ನಂಜಪ್ಪ. "ಒಂದ್ ಅಣಬೆನೂ ಸಿಕ್ಕಿಲ್ಲ. ಆದ್ರೆ ಆಕಾಸ್ದಿಂದ ನೋಡವ್ರಂತೆ. ಅಷ್ಟ್ ಮೇಲಿಂದ ಕಂಡಿದ್ದು, ನಮ್ ಕಣ್ಣಿಗೆ ಕಾಣ್ದೆ ಇರ್ಬೋದು. ಊರೋರೂ ಕಡ್ಸು ಅಂತಾವ್ರೆ, ಅವರ ತೋಟಕ್ಕೂ ಹತ್ಕಂಡ್ರೆ ಅಂತ ಭಯ."

ಅವರಿಗೆ ಕೋಪ ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಆ ಮನುಷ್ಯನಿಗೆ ನಮ್ಮ ಮೇಲೆ ನಂಬಿಕೆ ಇತ್ತು, ಅದೇ ಕಷ್ಟವಾಯಿತು.

ಎರಡು ಗಂಟೆ ಹೊತ್ತು ಇಬ್ಬರೂ ಮರಮರವನ್ನೂ ನೋಡಿದೆವು. ಕಾಂಡ ಸೋರಿರಲಿಲ್ಲ, ತೊಗಟೆ ಬಿರಿದಿರಲಿಲ್ಲ, ಅಣಬೆಯ ಗುರುತೂ ಇಲ್ಲ. ನಂಜಪ್ಪನವರ ಹೆಂಡತಿ ಶಿವಮ್ಮ ನನ್ನನ್ನು ಮನೆಗೆ ಕರೆದೊಯ್ದು ಅಟ್ಟ ತೋರಿಸಿದರು. ಹೋದ ವರ್ಷ ಇಳಿಸಿದ ಕಾಯಿ ಕೊಬ್ಬರಿಯಾಗಲೆಂದು ಸೂರಿನವರೆಗೆ ಪೇರಿಸಿತ್ತು. ಒಂದನ್ನು ತೆಗೆದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಒಣಗಿದ ಕೊಬ್ಬರಿಯ ಗಿಟುಕು ಗಡಗಡ ಎಂದಿತು. "ರೋಗದ ಮರ ಇಷ್ಟು ಕಾಯಿ ಬುಡ್ತದಾ? ನೀವೇ ಹೇಳಿ ತಾಯಿ" ಎಂದರು.

ಮರಗಳಿಗೆ ಏನೂ ಆಗಿಲ್ಲ ಎಂದು ನನಗೆ ಖಚಿತವಾಯಿತು. ಅಷ್ಟರಿಂದ ಕೆಲಸ ಆಗುವಂತಿರಲಿಲ್ಲ. ಹಾಗಾದರೆ ಚಿತ್ರ ಬಿಳಿಚಿದ್ದು ಯಾಕೆ ಎಂದು ಮುಖ್ಯಸ್ಥರು ಕೇಳುತ್ತಾರೆ, ಉತ್ತರವಿಲ್ಲದೆ ಹೋದರೆ ಒಪ್ಪುವುದಿಲ್ಲ. ಚಿತ್ರ ಸುಳ್ಳು ಹೇಳಿಲ್ಲ, ಮರವೂ ಹೇಳುತ್ತಿಲ್ಲ. ತಲೆ ಕೆಟ್ಟು ಕೆರೆ ಏರಿ ಹತ್ತಿ ಮೇಲಿನಿಂದಾದರೂ ನೋಡೋಣ ಎಂದು ಹೋದೆ, ನಂಜಪ್ಪನವರೂ ಜೊತೆಗೆ ಬಂದರು.

ಒಣಗಿದ ಕೆರೆಯಂಗಳದಲ್ಲಿ ಹತ್ತು ಹನ್ನೆರಡು ಎತ್ತಿನ ಗಾಡಿ ನಿಂತಿದ್ದವು. ಜನ ಗುದ್ದಲಿಯಲ್ಲಿ ಗೋಡು ಅಗೆದು ತುಂಬುತ್ತಿದ್ದರು. ಗೋಡು ಎಂದರೆ ಕೆರೆಯ ತಳದಲ್ಲಿ ಕೂತ ಮೆಕ್ಕಲು ಮಣ್ಣು, ತೆಂಗಿಗೆ ಒಳ್ಳೆಯ ಗೊಬ್ಬರ. ಗಾಡಿಗಳೆಲ್ಲ ಸಾಲಾಗಿ ಏರಿಯ ಕೆಳಗೆ ಬಲಗಡೆಯ ಒಂದೇ ತೋಟಕ್ಕೆ ಹೋಗುತ್ತಿದ್ದವು. ಆ ತೋಟದಲ್ಲಿ ಮರಗಳ ನಡುವೆ ಹುಲ್ಲುಕಡ್ಡಿಯೂ ಇಲ್ಲ, ನೆಲವೆಲ್ಲ ಒಲೆಯ ಬೂದಿ ಚೆಲ್ಲಿದ ಹಾಗೆ ಬೆಳ್ಳಗೆ, ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು.

"ಎಲ್ಲಾ ಗಾಡಿ ಒಂದೇ ತೋಟಕ್ಕೆ ಯಾಕೆ ಹೋಗ್ತಿವೆ?" ಎಂದು ನಂಜಪ್ಪನವರನ್ನು ಕೇಳಿದೆ.

"ಮುಯ್ಯಿ ಕಣಮ್ಮ. ಒಬ್ಬೊಬ್ರೇ ಹೊಡ್ಕಂಡ್ರೆ ಮಳೆ ಬರೋದ್ರೊಳ್ಗೆ ಮುಗಿಯಲ್ಲ. ಊರ ಗಾಡಿ ಎಲ್ಲಾ ಸೇರಿ ವರ್ಸಕ್ಕೆ ಒಂದು ಕಡೆ ಹೊಡೀತೀವಿ. ಈ ವರ್ಸ ಅವ್ರದು."

"ಹೋದ ವರ್ಷ?"

"ನಮ್ದೇ. ನಮ್ಮಣ್ಣತಮ್ಮಂದಿರ ಹನ್ನೆರಡು ಎಕ್ರೆ. ಯುಗಾದಿ ಹಿಂದುಮುಂದು."

ತೆಂಗಿನ ಗರಿ ನೆಲವನ್ನು ಪೂರ್ತಿ ಮುಚ್ಚುವುದಿಲ್ಲ. ಮೇಲಿನಿಂದ ನೋಡಿದರೆ ಗರಿಗಿಂತ ನಡುವಿನ ನೆಲವೇ ಹೆಚ್ಚು ಕಾಣುತ್ತದೆ. ನಾನು ಕಂಡದ್ದು ರೋಗವಲ್ಲ, ಇಡೀ ಊರು ಸೇರಿ ಹೊಡೆದ ಗೊಬ್ಬರ. ಮಳೆಗಾಲದ ಇನ್ನೊಂದು ಚಿತ್ರ ಪಕ್ಕಕ್ಕಿಟ್ಟು ನೋಡಿದ್ದರೆ ಅಲ್ಲಿ ಹುರುಳಿ ಬೆಳೆದು ಕೆಂಪಗಿರುವುದು ಗೊತ್ತಾಗುತ್ತಿತ್ತು. ನಾನು ನೋಡಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಫೋನಿಗೆ ಮಾಯಸಂದ್ರಕ್ಕೇ ಹೋಗಬೇಕು. ನಂಜಪ್ಪನವರಿಗೆ ಫೋನ್ ಮಾಡಿ ಬರುತ್ತೇನೆ ಎಂದಷ್ಟೇ ಹೇಳಿ, ಉರಿಬಿಸಿಲಿನಲ್ಲಿ ಎರಡು ಮೈಲಿ ಹೆಚ್ಚುಕಡಿಮೆ ಓಡಿದೆ. ಅಂಚೆ ಕಚೇರಿಯಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕೂತೆ. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಪೋಸ್ಟ್ ಮಾಸ್ಟರು ವಿಷಯ ಕೇಳಿ ತಿಳಿದು, ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟು, "ನಾಳೆ ತಾನೆ ಕಡಿಯೋದು, ಗಾಬರಿ ಯಾಕಮ್ಮ?" ಎಂದರು. ಅದು ಸರಿಯೆನ್ನಿಸಿತು. ಮಧ್ಯಾಹ್ನ ಎರಡಕ್ಕೆ ಫೋನು ಹೊಡೆದುಕೊಂಡಿತು. ಮುಖ್ಯಸ್ಥರ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ಗೋಡು, ಗಾಡಿ, ಮುಯ್ಯಿ ಎಲ್ಲವನ್ನೂ ಕಿರಿಚಿ ಹೇಳಿದೆ. ಅವರು "ತಿಪಟೂರಿಗೆ ಈಗಲೇ ಫೋನ್ ಮಾಡ್ತೀನಿ. ನೀನು ಅಲ್ಲೇ ಇರು" ಎಂದರು. ನಾನು ಇರಲಿಲ್ಲ, ಆ ಒಳ್ಳೆಯ ಸುದ್ದಿ ಹೇಳಲು ಊರಿಗೆ ಹೊರಟೆ.

ಊರು ಇನ್ನೂ ಅರ್ಧ ಮೈಲಿ ಇರುವಾಗ ಗರಿಗಳು ಸರ್ರನೆ ಸೀಳಿದ ಸದ್ದು, ಹಿಂದೆಯೇ ದೊಪ್ಪೆಂದು ನೆಲ ಅದುರಿದ್ದು ಕೇಳಿಸಿತು. ಏನೆಂದು ತಿಳಿಯಲು ಹೊತ್ತು ಹಿಡಿಯಲಿಲ್ಲ. ಓಡಿದೆ. ದಾರಿಯಲ್ಲಿ ಇನ್ನೊಂದು ಬಿತ್ತು.

ತೋಟದಲ್ಲಿ ನಾಲ್ಕು ಮರ ಅಡ್ಡ ಬಿದ್ದಿದ್ದವು. ಐದನೆಯದಕ್ಕೆ ಹಗ್ಗ ಕಟ್ಟಿ ಕೊಡಲಿ ಹಾಕುತ್ತಿದ್ದರು. ನಂಜಪ್ಪ ತಲೆಗೆ ಟವೆಲು ಸುತ್ತಿಕೊಂಡು ಬದುವಿನ ಮೇಲೆ ಕೂತಿದ್ದರು. ನಾನು ಮರಕ್ಕೂ ಕೊಡಲಿಗೂ ನಡುವೆ ಹೋಗಿ ನಿಂತೆ. "ನಾಳೆ ಅಂದಿದ್ದರಲ್ಲ!" ಎಂದು ಕೂಗಿದೆ.

ಮೇಸ್ತ್ರಿ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದ. "ನಾಳೆ ಸುಕ್ರವಾರ ಕಣಮ್ಮ. ಸುಕ್ರವಾರ ತೆಂಗಿನ ಮರಕ್ಕೆ ಯಾರಾದ್ರೂ ಕೊಡ್ಲಿ ಹಾಕ್ತಾರಾ? ಅದ್ಕೇ ಇವತ್ತೇ ಬಂದ್ವಿ."

ಕಾಗದದಲ್ಲಿ ಶುಕ್ರವಾರ ಎಂದು ಬರೆದವರಿಗೆ ಅದು ಹೊಳೆದಿರಲಿಲ್ಲ. ಹುಟ್ಟಾ ಬಯಲುಸೀಮೆಯವಳಾದ ನನಗೂ ಹೊಳೆಯಲಿಲ್ಲ. ಅಂಚೆ ಕಚೇರಿಯ ಬೆಂಚಿನ ಮೇಲೆ ನಾಳೆಯನ್ನು ನಂಬಿ ಕೂತಿದ್ದೆ.

"ನಿಲ್ಲಿಸಿ. ಈ ಮರಕ್ಕೆ ರೋಗ ಇಲ್ಲ" ಎಂದೆ.

"ಪಟ್ಟಿನಾಗೆ ಐತಲ್ಲ. ಪಟ್ಟಿ ಬರ್ದೋರು ದಡ್ರಾ?"

"ಆ ಪಟ್ಟಿ ಬರೆದವಳು ನಾನೇ."

ನಂಜಪ್ಪ ತಲೆಯ ಟವೆಲು ಬಿಚ್ಚಿ ನನ್ನನ್ನೇ ನೋಡಿದರು. ಬೆಳಗಿನಿಂದ ಜೊತೆಗೆ ಮರಮರ ಸುತ್ತಿದ ಹೆಣ್ಣುಮಗಳು ಇದನ್ನು ಬಚ್ಚಿಟ್ಟಿದ್ದಳಲ್ಲ ಎಂಬುದು ಆ ನೋಟದಲ್ಲಿತ್ತು. ನಾನು ಅತ್ತೆ. ಅತ್ತದ್ದನ್ನು ಇಲ್ಲಿ ಬರೆಯದಿದ್ದರೆ ಅದೂ ಒಂದು ಬಚ್ಚಿಡುವಿಕೆಯೇ. ಮೇಸ್ತ್ರಿ ಕೊಡಲಿ ಕೆಳಗಿಟ್ಟು ಬೀಡಿ ಹಚ್ಚಿದ. ಸ್ವಲ್ಪ ಹೊತ್ತಿಗೆ ಮಾಯಸಂದ್ರದಿಂದ ಸೈಕಲ್ಲಿನಲ್ಲಿ ಒಬ್ಬ ಬಂದು, ಕಡಿಯಕೂಡದೆಂದು ತಿಪಟೂರಿನಿಂದ ಫೋನು ಬಂದಿದೆ ಎಂದ. ಆಳುಗಳು ಹಗ್ಗ ಬಿಚ್ಚಿದರು. ಮೂವತ್ತಾರು ಮರ ಉಳಿದವು, ಅದರಾಚೆಯ ತೋಟವೂ ಉಳಿಯಿತು.

ತೆಂಗಿನ ಮರ ಬಿದ್ದರೆ ಅದರ ನೆತ್ತಿಯ ಸುಳಿಯನ್ನು ಬಿಡಿಸಿ ಅಲ್ಲಿದ್ದವರಿಗೆಲ್ಲ ಹಂಚುವುದು ಆ ಕಡೆಯ ವಾಡಿಕೆ. ಶಿವಮ್ಮ ಮಚ್ಚಿನಿಂದ ಗರಿಯ ಬುಡಗಳನ್ನು ಒಂದೊಂದಾಗಿ ಕಿತ್ತು, ಒಳಗಿನ ಬಿಳಿಯ ಸುಳಿ ತೆಗೆದು ಕೊಯ್ದರು. ಕಡಿದ ಆಳುಗಳಿಗೆ ಕೊಟ್ಟರು. ನನ್ನ ಮುಂದೆಯೂ ಬಂದು ನಿಂತರು. ನನಗೆ ಕೈ ಚಾಚಲು ಆಗಲಿಲ್ಲ.

"ತಗಳಿ ತಾಯಿ, ತಿಂದು ನೋಡಿ" ಎಂದರು. ದನಿ ಗಟ್ಟಿಯಾಗಿತ್ತು, ಕಣ್ಣು ಕೆಂಪಗಿತ್ತು. "ಒಳ್ಗೆ ಕೊಳ್ತಿರೋ ಮರದ ಸುಳಿ ಬಾಯ್ಗೆ ಇಡಕ್ಕಾಗಲ್ಲ."

ತಿಂದೆ. ಆಮೇಲೆ ಅವರು ಇನ್ನೊಂದು ತುಂಡನ್ನು ಬಾಳೆ ಎಲೆಯಲ್ಲಿ ಸುತ್ತಿ ನಾರಿನಿಂದ ಕಟ್ಟಿ ನನ್ನ ಚೀಲಕ್ಕೆ ಹಾಕಿದರು. "ರುಜು ಹಾಕಿದ ಸಾಹೇಬ್ರಿಗೂ ಕೊಡಿ" ಎಂದರು. ನಂಜಪ್ಪ ಬಸ್ಸಿನವರೆಗೆ ಬಂದರು. ಬಸ್ಸು ಹೊರಟಾಗ, "ಇನ್ಮೇಲೆ ಒಂದ್ಸಲ ಬಂದು ಕೇಳಿ ಕಣಮ್ಮ" ಎಂದರು.

ಶುಕ್ರವಾರ ಹತ್ತು ಗಂಟೆಗೆ ಮುಖ್ಯಸ್ಥರ ಮೇಜಿನ ಮೇಲೆ ಎಲೆ ಬಿಚ್ಚಿಟ್ಟೆ. ಸುಳಿಯ ಅಂಚು ಸ್ವಲ್ಪ ಕಂದಿತ್ತು. "ಏನಮ್ಮ ಇದು?" ಎಂದರು.

"ನಾಲ್ಕು ಮರ ಕಡಿಸಿದೆವಲ್ಲ ಸಾರ್, ಅದರ ಸುಳಿ. ತೋಟದವರು ಕೊಟ್ಟರು, ನಿಮಗೂ ಕೊಡಿ ಅಂದರು. ಕೊಳೆತ ಮರದ್ದಾದರೆ ಬಾಯಿಗೆ ಇಡೋಕಾಗಲ್ಲವಂತೆ."

ಅವರು ಕನ್ನಡಕ ತೆಗೆದಿಟ್ಟರು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು.

"ಸಿಹಿಯಾಗಿದೆ" ಎಂದರು.