ಅರ್ಧ ನಿಮಿಷ ಕಾಯಿಸುವ ಸ್ವಿಚ್ಚು

ಮತ್ತಿಕೆರೆಯ ಒಂದು ಕಾಲೇಜಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ಕಂಪ್ಯೂಟರ್ ಲ್ಯಾಬಿನ ಬೀಗ ತೆಗೆದು ನಲವತ್ತು ಕಂಪ್ಯೂಟರುಗಳನ್ನು ಆನ್ ಮಾಡುವುದು ನಮ್ಮ ಅಟೆಂಡರ್ ಅಕ್ಕನ ಕೆಲಸ. ತರಗತಿ ಒಂಬತ್ತಕ್ಕಾದರೂ ಆಕೆ ರಾಜಾನುಕುಂಟೆಯಿಂದ ಮೊದಲ ಬಸ್ಸು ಹಿಡಿದು ಏಳೂವರೆಗೆಲ್ಲ ಬಂದಿರುತ್ತಿದ್ದರು. ಆನ್ ಮಾಡಿದರೆ ಅರ್ಧಕ್ಕರ್ಧ ಕಂಪ್ಯೂಟರುಗಳಿಗೆ ನೆಟ್‌ವರ್ಕೇ ಸಿಗುತ್ತಿರಲಿಲ್ಲ. ಒಂದೊಂದನ್ನೂ ರೀಸ್ಟಾರ್ಟ್ ಮಾಡಬೇಕು, ಕೆಲವನ್ನು ಎರಡೆರಡು ಸಲ.

"ಸಾರ್, ಇವು ಒಂದೇ ಸಲಕ್ಕೆ ಯಾಕೆ ಏಳಲ್ಲ? ಸರಿ ಮಾಡ್ಕೊಟ್ರೆ ನಾನು ಎಂಟೂವರೆಗೆ ಬರ್ತೀನಿ. ಮಗಳಿಗೆ ಜಡೆ ಹಾಕಿ ಸ್ಕೂಲಿಗೆ ಕಳ್ಸ್ಬೋದು," ಎಂದು ಆಕೆ ಕೇಳಿದ್ದರು.

"ಕಂಪ್ಯೂಟರ್ ಅಂದ್ರೆ ಹಂಗೇ ಅಕ್ಕ," ಎಂದುಬಿಟ್ಟೆ.

ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಕಾರಣ ನನಗೆ ಚೆನ್ನಾಗಿ ಗೊತ್ತಿತ್ತು. ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ಚಿಗೆ ವಿಪರೀತ ಅನುಮಾನ. ಕೇಬಲ್ ಸಿಕ್ಕಿಸುವ ಒಂದೊಂದು ಪೋರ್ಟಿನ ಆ ತುದಿಯಲ್ಲಿರುವುದು ಕಂಪ್ಯೂಟರೋ ಇನ್ನೊಂದು ಸ್ವಿಚ್ಚೋ ಎಂದು ಅರ್ಧ ನಿಮಿಷ ಪರೀಕ್ಷಿಸಿದ ಮೇಲೆಯೇ ಒಳಗೆ ಬಿಡುತ್ತದೆ. ಅಷ್ಟರಲ್ಲಿ ಕಂಪ್ಯೂಟರು ನೆಟ್‌ವರ್ಕ್ ಕೊಡು ಎಂದು ಕೇಳಿ ಕೇಳಿ ಸುಮ್ಮನಾಗಿರುತ್ತದೆ. 'ಇಲ್ಲಿರುವುದು ಬರೀ ಕಂಪ್ಯೂಟರು, ತಕ್ಷಣ ಬಿಡು' ಎಂದು ಪ್ರತಿ ಪೋರ್ಟಿಗೂ ಒಂದು ಸಾಲು ಬರೆದರೆ ಸಾಕು. ಆದರೆ ಇನ್ನೊಂದು ಸ್ವಿಚ್ಚು ಸಿಕ್ಕಿಸಿರುವ ಪೋರ್ಟಿಗೆ ತಪ್ಪಿ ಅದನ್ನೇ ಬರೆದರೆ ಇಡೀ ಲ್ಯಾಬು ಮಲಗಿಬಿಡಬಹುದು. ಹಾಗಾಗಿ ಮೊದಲು ನಲವತ್ತು ಮೇಜುಗಳ ಕೆಳಗೆ ಬಗ್ಗಿ ನೋಡಬೇಕು. ನಾನು ಎರಡು ವರ್ಷ ಬಗ್ಗಲಿಲ್ಲ.

ಆಕೆಗೆ ಜ್ವರ ಬಂದು ನಾಲ್ಕು ದಿನ ರಜೆ ಹಾಕಿದಾಗ ಬೆಳಗಿನ ಆ ಕೆಲಸ ನನ್ನ ತಲೆಗೆ ಬಂತು. ಎರಡನೇ ದಿನಕ್ಕೇ ಬುದ್ಧಿಯೂ ಬಂತು.

ಆಕೆ ಮರಳಿದ ವಾರ, ಶನಿವಾರ ಮಧ್ಯಾಹ್ನ ಇಬ್ಬರೂ ಕೂತೆವು. ಆಕೆ ಒಂದೊಂದೇ ಕೇಬಲ್ ಕಿತ್ತು ಕೂಗುವುದು, ನಾನು ಸ್ವಿಚ್ಚಿನಲ್ಲಿ ಯಾವ ದೀಪ ಆರಿತೆಂದು ನೋಡಿ ಬರೆದುಕೊಳ್ಳುವುದು. ಮೂಲೆಯ ಮೇಜಿಗೆ ಬಂದಾಗ ಆಕೆ ತಡೆದರು.

"ಇರಿ ಸಾರ್, ಇದ್ರ ಇಂದೆ ಒಂದು ಡಬ್ಬಿ ಐತೆ. ಅದ್ಕೂ ವೈರ್ ಚುಚ್ಚವ್ರೆ."

ಯಾರೋ ಯಾವಾಗಲೋ ಇಟ್ಟು ಮರೆತ ಪುಟ್ಟ ಸ್ವಿಚ್ಚು ಅದು. ಉಳಿದವಕ್ಕೆಲ್ಲ ಆ ಸಾಲು ಬರೆದೆ, ಆ ಪೋರ್ಟನ್ನು ಮಾತ್ರ ಮುಟ್ಟಲಿಲ್ಲ. ಆಕೆ ಹೇಳದಿದ್ದರೆ ಖಂಡಿತ ಮುಟ್ಟುತ್ತಿದ್ದೆ.

ಸೋಮವಾರ ಆಕೆ ಎಂಟೂವರೆಗೆ ಬಂದರು. ಕಂಪ್ಯೂಟರುಗಳೆಲ್ಲ ಒಂದೇ ಸಲಕ್ಕೆ ಎದ್ದವು. ಶಹಬ್ಬಾಸ್‌ಗಿರಿಯ ಆಸೆಯಿಂದ, "ಮಗಳಿಗೆ ಖುಷಿಯಾಯ್ತಾ ಅಕ್ಕ?" ಎಂದೆ.

"ಅಯ್ಯೋ, ಈ ಎರಡು ವರ್ಷದಾಗೆ ಅವಳೇ ಕಲ್ತ್ಕೊಂಡವ್ಳೆ ಸಾರ್. ನಾನು ಬಾಚಣಿಗೆ ಇಡ್ಕೊಂಡು ಬರಾದ್ರೊಳಗೆ ಜಡೆ ಹಾಕ್ಕೊಂಡು ನಿಂತವ್ಳೆ."

ಆ ಎರಡು ವರ್ಷ ತಿಂದವನು ನಾನು. ಆಕೆ ನಾಲ್ಕು ಮಾತು ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ, ನಕ್ಕರು.

"ನಾನು ಬಿಡ್ತೀನಾ? ಕೂರ್ಸಿ, ಎಲ್ಲಾ ಬಿಚ್ಚಿ, ಇನ್ನೊಂದ್ಸಲ ನಾನೇ ಹಾಕ್ದೆ."